ನಿಂಬೆವ್ವನ ಮನೆಗೆ ಪರವಾನಗಿ ಬಂದದ್ದು

ಸೋಮನಾಥ ಸ್ವಾಮಿಯನ್ನು ನೆನೆದು ಹೇಳುತ್ತೇನೆ. ಕೇಳುವವರು ಬೇಕಾದಷ್ಟು ನಗಬಹುದು, ಆದರೆ ಆ ಹುಡುಗನನ್ನು ಬೈಯಬಾರದು. ಬೈಯುವ ಕೆಲಸವನ್ನು ಅವನ ಅವ್ವನೇ ಪೂರಾ ಮಾಡಿ ಮುಗಿಸಿದ್ದಾಳೆ, ನಮಗೆ ಏನೂ ಉಳಿಸಿಲ್ಲ.

ಸೋಮನಕೋಟೆ ಅಂತ ಒಂದು ಸಣ್ಣ ಶಹರು. ಕೆರೆಯ ದಂಡೆಗೆ ಸೋಮನಾಥನ ಗುಡಿ. ಗುಡಿಯ ಹಿಂದಿನ ಓಣಿಯಲ್ಲಿ ನಿಂಬೆವ್ವ ಅಂತ ಒಬ್ಬ ತಾಯಿ. ಗಂಡ ಶಿವನ ಪಾದ ಸೇರಿ ಬಹಳ ದಿನವಾಗಿತ್ತು. ಅವಳಿಗೆ ಇದ್ದದ್ದು ಒಂದು ಹಳೇ ಮನೆ, ಮನೆಯ ಮಾಳಿಗೆ ಮೇಲೆ ಎರಡು ಕೋಣೆ, ಮತ್ತೆ ಒಬ್ಬ ಮಗ, ಹೂವಪ್ಪ. ಕೋಣೆಗಳಲ್ಲಿ ಗಾಳಿಯೂ ಉಂಟು, ಬೆಳಕೂ ಉಂಟು. ಹೂವಪ್ಪನ ತಲೆಯಲ್ಲಿ ಗಾಳಿ ಮಾತ್ರ ಉಂಟು ಅಂತ ಓಣಿಯವರು ನಗುತ್ತಿದ್ದರು. ನಾನು ಹಾಗನ್ನುವುದಿಲ್ಲ. ಅವನಿಗೆ ಇದ್ದದ್ದು ಒಂದೇ ಗುಣ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅಷ್ಟೇ. ಮೀಸೆ ಬಂದರೂ ಆ ಗುಣ ಹೋಗಲಿಲ್ಲ.

ಸೋಮನಾಥನ ದರ್ಶನಕ್ಕೆ ಬಂದವರು ಒಂದು ದಿನ, ಎರಡು ದಿನ ನಿಂಬೆವ್ವನ ಕೋಣೆಯಲ್ಲಿ ಇಳಿಯುತ್ತಿದ್ದರು. ಅವರು ಕೊಟ್ಟದ್ದರಿಂದಲೇ ತಾಯಿ ಮಗನ ಒಲೆ ಹೊತ್ತುತ್ತಿತ್ತು. ಸ್ವಾಮಿ ಕಳಿಸಿದ, ಅವರು ಬಂದರು ಅಂತ ಅವಳ ನಂಬಿಗೆ.

ಹೀಗಿರುವಾಗ ಒಂದು ದಿನ ನಗರಸಭೆಯವರು ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರುತ್ತ ಬಂದರು.

"ಮನೆಯಲ್ಲಿ ಯಾತ್ರಿಕರಿಗೆ ಕೋಣೆ ಕೊಡುವವರು ಪರವಾನಗಿ ಪಡೆಯತಕ್ಕದ್ದು! ಗುರುತಿನ ಕಾರ್ಡು ನೋಡದೆ ಯಾರನ್ನೂ ಒಳಗೆ ಬಿಡಬಾರದು! ಹಸಿ ಕಸ, ಒಣ ಕಸ ಬೇರೆ ಮಾಡತಕ್ಕದ್ದು! ಗದ್ದಲ ಮಾಡಿ ನೆರೆಹೊರೆಗೆ ತ್ರಾಸು ಕೊಡಬಾರದು! ಬೆಂಕಿ ಆರಿಸಲು ಬಕೆಟ್ ತುಂಬಿ ಇಡತಕ್ಕದ್ದು! ಸಾಹೇಬರು ಯಾವ ದಿನವಾದರೂ ತಪಾಸಣೆಗೆ ಬರುತ್ತಾರೆ! ತಪ್ಪು ಕಂಡಲ್ಲಿ ಕೋಣೆಗೆ ಬೀಗ!"

ಬೀಗ ಅನ್ನುವ ಮಾತು ಕೇಳಿದ್ದೇ ನಿಂಬೆವ್ವ ಮಗನನ್ನು ಕರೆದಳು. ಅವಳಿಗೆ ಮೊಣಕಾಲು ನೋವು, ಮಾಳಿಗೆ ಹತ್ತುವುದಾಗುತ್ತಿರಲಿಲ್ಲ. ಮೇಲಿನ ಕೆಲಸವೆಲ್ಲ ಹೂವಪ್ಪನದೇ.

"ಹೂವಪ್ಪಾ, ಕೋಣಿಗೆ ಬೀಗ ಬಿದ್ರ ನಾವಿಬ್ರೂ ಉಣ್ಣೋದೇನೋ?"

"ನೀ ಹೇಳಬೇ ಯವ್ವಾ, ಹೇಳಿದಂಗ ಮಾಡ್ತೀನಿ!"

"ಅದಕ್ಕ ನನಗ ಅಂಜಿಕಿ!" ಅಂದಳು ನಿಂಬೆವ್ವ. ಆದರೂ ಹೇಳಿದಳು. "ಕೇಳು. ಹೊಸ್ತಿಲ ಮ್ಯಾಲೆ ಯಾರ ಬಂದು ನಿಲ್ಲಲಿ, ಕಾರ್ಡು ನೋಡು, ಫೋಟೋ ನೋಡು, ಮಾರಿ ನೋಡು. ಕಾರ್ಡು ಇಲ್ಲಂದ್ರ ಒಳಗ ಬಿಡಬ್ಯಾಡ. ತಿಳೀತಿಲ್ಲೋ?"

"ತಿಳೀತಬೇ!"

ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ, ನಿಂಬೆವ್ವ ಗುಡಿಗೆ ಹೋದಳು. ಕೈಮುಗಿದಳು, ಪ್ರಸಾದ ತಂದಳು. ಬಂದು ನೋಡುತ್ತಾಳೆ, ಹೊಸ್ತಿಲಿಗೆ ಅಡ್ಡ ಹೂವಪ್ಪ!

"ಕಾರ್ಡು?"

"ಅತ್ತಾಗ ಸರೀಪಾ, ಹಾಲು ಉಕ್ಕತೈತಿ."

"ಕಾರ್ಡುಬೇ?"

"ಕಾರ್ಡು ಒಳಗ ಟ್ರಂಕಿನ್ಯಾಗ ಐತಲ್ಲೋ!"

"ಹೋಗಿ ತೊಗೊಂಬಾ."

"ಹಂಗಾರ ಒಳಗ ಬಿಡು."

"ಕಾರ್ಡು ಇಲ್ದ ಹೆಂಗ ಬಿಡ್ಲಿ?"

"ನಾ ನಿನ್ನ ಹಡದಾಕಿನೋ ಮೂಳಾ! ಒಲಿ ಮ್ಯಾಲೆ ಹಾಲೈತೋ!"

"ಹಾಲಿಗೆ ಕಾರ್ಡು ಬ್ಯಾಡಬೇ, ಅದು ಮೊದಲ ಒಳಗ ಐತಿ."

ತಾಯಿ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತಳು. ಹಾಲು ಉಕ್ಕಿತು, ಸೀದಿತು, ವಾಸನೆ ಓಣಿ ತುಂಬಿತು. ಕಡೆಗೆ ಮಾಳಿಗೆ ಮೇಲಿನ ಯಾತ್ರಿಕರ ಹೆಣ್ಣುಮಗಳೊಬ್ಬಳು ಇಳಿದು ಬಂದು, ಟ್ರಂಕು ತೆಗೆದು, ಕಾರ್ಡು ತಂದುಕೊಟ್ಟಳು. ಹೂವಪ್ಪ ಕಾರ್ಡು ನೋಡಿದ, ಮಾರಿ ನೋಡಿದ, ಮತ್ತೆ ಕಾರ್ಡು ನೋಡಿದ.

"ಫೋಟೋದಾಗ ಇಷ್ಟು ಸಿಟ್ಟಿಗೆದ್ದಿಲ್ಲಲ್ಲಬೇ ನೀ?"

"ಶಿವನೇ!" ನಿಂಬೆವ್ವ ಹಣೆ ಹಣೆ ಬಡಿದುಕೊಂಡಳು. "ಖೋಡೀ! ಗುರ್ತು ಇಲ್ದವರಿಗೆ ಕಾರ್ಡೋ! ಮಾರಿ ಗುರ್ತು ಇದ್ರ ಕಾರ್ಡು ಕೇಳಬಾರದು. ಬರ್ರಿ ಅಂತ ಕೈಮುಗಿದು ಒಳಗ ಕರಕೋಬೇಕು, ನೀರು ಕೊಡಬೇಕು!"

"ಹೌದೇನು? ಮುಂದಿನ ಸಲ ಹಂಗ ಮಾಡ್ತೀನಿ ಬೇ ಯವ್ವಾ!"

ಮಾಡಿದ. ಮರುದಿನವೇ ಮಾಡಿದ.

ನಿಂಬೆವ್ವ ಗುಡಿಗೆ ಹೋಗಿದ್ದಾಗ, ತಲೆಗೆ ವಲ್ಲಿ ಸುತ್ತಿಕೊಂಡು ಒಬ್ಬ ಆಸಾಮಿ ಬಾಗಿಲಿಗೆ ಬಂದು ಒಳಗೆ ಇಣುಕಿದ. ಹೂವಪ್ಪ ಅವನ ಮಾರಿ ನೋಡಿದ್ದೇ ಹಿಗ್ಗಿ ಹೀರೇಕಾಯಿಯಾದ.

"ಅಯ್ಯ, ನಿಮ್ಮ ಗುರ್ತು ಐತ್ರಿ ನನಗ!"

ಅವನು ಬೆದರಿ ಹಿಂದೆ ಸರಿದ. "ನನ್ನ ಗುರ್ತೇ? ಎಲ್ಲಿ ನೋಡೀಪಾ?"

"ಪೊಲೀಸ್ ಠಾಣೆ ಗ್ವಾಡಿ ಮ್ಯಾಲೆ! ದಿನಾ ಗುಡಿಗೆ ಹೋಗುವಾಗ ನೋಡ್ತೀನಿ. ಎಷ್ಟು ದೊಡ್ಡ ಫೋಟೋ ಹಚ್ಯಾರ್ರಿ ನಿಮ್ದು! ಬರ್ರಿ, ಒಳಗ ಬರ್ರಿ, ನೀರು ಕುಡೀರಿ!"

ನೀರು ಕೊಟ್ಟ, ಚಾಪೆ ಹಾಸಿದ. ಆ ಮನುಷ್ಯ ನೀರು ಕುಡಿದ, ಬಚ್ಚಲಿಗೆ ಹೋದ, ನಿಂಬೆವ್ವನ ತವರಿನ ತಾಮ್ರದ ಹಂಡೆ ಹೊತ್ತುಕೊಂಡು ಬಂದ. "ಭಾರ ಐತೇನ್ರಿ?" ಅಂತ ಹೂವಪ್ಪ ಕೈ ಹಚ್ಚಿ ಹೆಗಲಿಗೆ ಏರಿಸಿ, ಓಣಿಯ ತಿರುವಿನ ತನಕ ಕಳಿಸಿ ಬಂದ.

ನಿಂಬೆವ್ವ ಗುಡಿಯಿಂದ ಬಂದು ಬಚ್ಚಲು ನೋಡಿದಳು.

"ಯಾರಿಗೆ ಕೊಟ್ಟೆಯೋ ಹಂಡೆ?"

"ಗುರ್ತಿನವ್ರು ಒಯ್ದ್ರುಬೇ."

"ಗುರ್ತಿನವ್ರ! ಠಾಣೆ ಗ್ವಾಡಿ ಮ್ಯಾಲೆ ಫೋಟೋ ಹಚ್ಚೋದು ಅವನ ಪೂಜೆ ಮಾಡಾಕಲ್ಲೋ ಮಂಗ್ಯಾ! ಕೇಳು, ಇನ್ನ ಮ್ಯಾಲೆ ನನ್ನ ಕೇಳದ ಈ ಮನಿಯೊಳಗಿನ ಒಂದ ಕಡ್ಡಿ ಸೈತ ಹೊರಗ ಹೋಗಬಾರದು!"

"ಒಂದ ಕಡ್ಡಿ ಸೈತ?"

"ಒಂದ ಕಡ್ಡಿ ಸೈತ!"

"ಮುಂದಿನ ಸಲ ಹಂಗ ಮಾಡ್ತೀನಿ ಬೇ ಯವ್ವಾ!"

ಬೆಳಿಗ್ಗೆ ಹಾಡು ಹಾಕಿಕೊಂಡು ನಗರಸಭೆಯ ಕಸದ ಗಾಡಿ ಬಂತು. ನಿಂಬೆವ್ವ ದೇವರ ಜಗುಲಿಯ ಮುಂದೆ ಕೂತಿದ್ದಳು. ಗಾಡಿಯ ಹೆಣ್ಣುಮಗಳು, "ಕಸ ಹಾಕ್ರಿ!" ಅಂದಳು.

"ಇಲ್ರಿ," ಅಂದ ಹೂವಪ್ಪ. "ನಮ್ಮ ಮನಿಯೊಳಗಿನ ಕಡ್ಡಿ ಹೊರಗ ಹೋಗಂಗಿಲ್ಲ."

"ಕಡ್ಡಿ ಅಲ್ಲಪಾ, ಕಸ!"

"ಕಸದಾಗ ಕಡ್ಡಿ ಅದಾವ್ರಿ."

ಗಾಡಿ ಹೋಯಿತು. ಮರುದಿನವೂ ಹೋಯಿತು. ಆಚೆ ದಿನವೂ ಹೋಯಿತು. ಬಾಳೆಹಣ್ಣಿನ ಸಿಪ್ಪೆ, ಉಂಡ ಎಲೆ, ಹೂವಿನ ಹಾರ, ತೆಂಗಿನ ಚಿಪ್ಪು ಎಲ್ಲ ಮಾಳಿಗೆ ಮೆಟ್ಟಿಲ ಕೆಳಗೆ ಗುಡ್ಡೆಯಾದವು. ನೊಣ ಜಾತ್ರೆ ಮಾಡಿದವು. ಯಾತ್ರಿಕರು ಮೂಗು ಮುಚ್ಚಿಕೊಂಡು ಗಂಟು ಕಟ್ಟಿದರು.

"ಶಿವನೇ! ಸಾಹೇಬ್ರು ಇವತ್ತ ಬಂದಿದ್ರ ಏನಾಕ್ಕಿತ್ತೋ! ಕಸಾ ಹೊರಗ ಹೋಗಬೇಕೋ, ಹೊರಗ! ಇನ್ನ ಮ್ಯಾಲೆ ಕೋಣಿ ಬಾಗಿಲ ಹೊರಗ ಏನ ಇರಲಿ, ಮುಟ್ಟಿ ನೋಡು. ಹಸಿ ಇದ್ದದ್ದು ಹಸಿರು ಡಬ್ಬಿಗೆ, ಒಣಗಿದ್ದು ನೀಲಿ ಡಬ್ಬಿಗೆ. ಗಾಡಿ ಬಂತಂದ್ರ ಕೊಟ್ಟು ಕಳಿಸು!"

"ಮುಟ್ಟಿ ನೋಡಬೇಕೇನು?"

"ಮುಟ್ಟಿ ನೋಡು!"

"ಮುಂದಿನ ಸಲ ಹಂಗ ಮಾಡ್ತೀನಿ ಬೇ ಯವ್ವಾ!"

ಮುಂದೆ ಬಂದಿಳಿದವರು ಹರಕೆ ಹೊತ್ತ ಹೆಣ್ಣುಮಕ್ಕಳು. ಕೆರೆಯಲ್ಲಿ ಮಿಂದರು, ಮಿಂದ ಸೀರೆಗಳನ್ನು ಕೋಣೆಯ ಹೊರಗೆ ಹಗ್ಗಕ್ಕೆ ಹಾಕಿದರು, ಮಡಿಯುಟ್ಟು ದರ್ಶನಕ್ಕೆ ಹೋದರು. ಹೂವಪ್ಪ ಬಂದ. ಕೋಣೆಯ ಹೊರಗೆ ಸೀರೆ! ಮುಟ್ಟಿ ನೋಡಿದ. ಹಸಿ, ಹಸಿರು ಡಬ್ಬಿಗೆ. ಮುಟ್ಟಿ ನೋಡಿದ. ಒಣ, ನೀಲಿ ಡಬ್ಬಿಗೆ. ಮುಟ್ಟಿ ನೋಡಿದ. ಒಂದು ಇಳಕಲ್ ಸೀರೆ, ಸೆರಗು ಒಣಗಿದೆ, ಅಂಚು ಹಸಿ! ಪಾಪ, ಬಹಳ ಹೊತ್ತು ನಿಂತು ವಿಚಾರ ಮಾಡಿದ. ಕಡೆಗೆ ಸೆರಗನ್ನು ನೀಲಿ ಡಬ್ಬಿಗೆ ತುರುಕಿ, ಅಂಚನ್ನು ಹಸಿರು ಡಬ್ಬಿಗೆ ತುರುಕಿ, ಎರಡೂ ಡಬ್ಬಿಯನ್ನು ಜೋಡಿ ಎತ್ತಿನ ಹಾಗೆ ಹಿಡಿದುಕೊಂಡು ಇಳಿದ. ಅವತ್ತು ಗಾಡಿ ತಡವಾಗಿ, ಮಧ್ಯಾಹ್ನ ಬಂದಿತ್ತು. ಸುರಿದ. ಗಾಡಿ ಹೊರಟಿತು.

ಹೆಣ್ಣುಮಕ್ಕಳು ಬಂದರು. "ನಮ್ಮ ಸೀರಿ ಎಲ್ಲಿ?"

"ಬೇರೆ ಮಾಡಿ ಕಳಿಸೀನ್ರಿ," ಅಂದ ಹೂವಪ್ಪ, ಎದೆಯುಬ್ಬಿಸಿ.

"ಓಡೋ!" ನಿಂಬೆವ್ವ ಚೀರಿದಳು. "ಓಡೋ! ಕೂಗೋ! ಗಾಡಿ ನಿಲ್ಲಿಸೋ!"

ಓಡಿದ, ಕೂಗಿದ. "ನಿಲ್ರೀ! ನಿಲ್ರೀ!" ಗಾಡಿ ನಿಂತಿತು. ಸೀರೆಗಳು ಸಿಕ್ಕವು, ಬಾಳೆಸಿಪ್ಪೆಯ ಸಮೇತ. ಆದರೆ ಹೂವಪ್ಪ ಕೂಗುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸು ಅಂತ ಅವ್ವ ಹೇಳಿರಲಿಲ್ಲವಲ್ಲ! ಕೂಗುತ್ತ ಓಣಿ ಸುತ್ತಿದ, ಗುಡಿ ಸುತ್ತಿದ, ಮತ್ತೆ ಓಣಿಗೆ ಬಂದ.

ಎದುರುಮನೆಯ ಶಿದ್ರಾಮಪ್ಪನವರು ಊಟ ಮಾಡಿ ಮಲಗಿದ್ದರು. ಮಧ್ಯಾಹ್ನದ ನಿದ್ದೆ ಅಂದರೆ ಅವರಿಗೆ ವ್ರತವಿದ್ದ ಹಾಗೆ. ಧೋತರ ಸಾವರಿಸಿಕೊಳ್ಳುತ್ತ ಹೊರಗೆ ಬಂದರು.

"ನಿಂಬೆವ್ವಾ! ಇದೇನು ಮನೀನೋ ಸಂತೀನೋ? ನಗರಸಭೆಗೆ ಅರ್ಜಿ ಕೊಡ್ತೀನಿ, ನೋಡ್ಕೋತಿರು! ಗದ್ದಲ ಮಾಡೋ ಮನಿಗೆ ಪರವಾನಗಿ ಹೆಂಗ ಕೊಡ್ತಾರ ನಾನೂ ನೋಡ್ತೀನಿ!"

ಅಂದ ಹಾಗೆಯೇ ಅರ್ಜಿ ಕೊಟ್ಟೇ ಬಿಟ್ಟರು.

ನಿಂಬೆವ್ವ ಅವತ್ತು ಬೈಯಲೂ ಇಲ್ಲ. ದೇವರ ಮುಂದೆ ಕೂತು, "ಸ್ವಾಮೀ, ನೀ ಕೊಟ್ಟ ಮಗಾ, ನೀನ ನೋಡ್ಕೋ," ಅಂದಳು. ಆಮೇಲೆ ಎದ್ದು ಬೈದಳು.

"ಮನಿಯೊಳಗ ದೊಡ್ಡ ದನಿ ತೆಗೀಬಾರದೋ! ಬಂದವ್ರು ಪೂಜಿ ಮಾಡ್ತಿರ್ತಾರ, ಜಪಾ ಮಾಡ್ತಿರ್ತಾರ. ಏನ ಹೇಳೋದಿದ್ರೂ ಅವರದು ಮುಗಿಯೋ ತನಕ ಸುಮ್ಮನ ಕೂಡು. ಮುಗಿದ ಮ್ಯಾಲೆ ಕಿವಿಯೊಳಗ ಮೆಲ್ಲಕ ಹೇಳು!"

"ಮುಂದಿನ ಸಲ ಹಂಗ ಮಾಡ್ತೀನಿ ಬೇ ಯವ್ವಾ!"

ಆ ಸಲ ಬಂದವರು ಒಬ್ಬ ಹಿರಿಯರು, ಬಿಳೀ ಗಡ್ಡದ ಶರಣರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಊದಿನಕಡ್ಡಿ ಹಚ್ಚಿ ಹಾಸಿಗೆಯ ಪಕ್ಕಕ್ಕಿಟ್ಟು, ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿದರು. ಊದಿನಕಡ್ಡಿ ವಾಲಿತು. ಹಾಸಿಗೆಯ ಮೂಲೆ ಹೊಗೆಯಾಡಿತು.

ಕಸ ಗುಡಿಸಲು ಬಂದ ಹೂವಪ್ಪ ನೋಡಿದ. ಬಾಯಿ ತೆಗೆದ. ತುಟಿಯ ಮೇಲೆ ಬೆರಳಿಟ್ಟುಕೊಂಡ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಹೊಗೆ ದಪ್ಪವಾಯಿತು. ಹೂವಪ್ಪ ಕೂತ. ಹತ್ತಿ ಚಟಚಟ ಅಂದಿತು. ಹೂವಪ್ಪ ಕೂತ. ಹಿರಿಯರು ಕಣ್ಣು ಮುಚ್ಚಿಯೇ ಕೆಮ್ಮಿದರು, ಮಂಗಳ ಹಾಡಿದರು, ಲಿಂಗವನ್ನು ಕರಡಿಗೆಯಲ್ಲಿಟ್ಟು ಕಣ್ಣಿಗೆ ಒತ್ತಿಕೊಂಡರು. ಆವಾಗ ಹೂವಪ್ಪ ಬಾಗಿ, ಕಿವಿಯ ಹತ್ತಿರ ಬಂದು, ಬಹಳ ಮೆಲ್ಲಗೆ,

"ಅಜ್ಜಾರ, ಪೂಜಿ ಚಲೋ ಆತೇನ್ರಿ?"

"ಆತಪಾ. ಯಾಕ?"

"ಹಾಸಿಗಿಗೆ ಬೆಂಕಿ ಹತ್ತೇತ್ರಿ."

"ಯಾವಾಗ ಹತ್ತಿತೋ!"

"ನೀವು ಕಣ್ಣ ಮುಚ್ಚಿದಾಗ್ರಿ. ಮೆಲ್ಲಕ ಮಾತಾಡ್ರಿ ಅಜ್ಜಾರ, ಎದುರುಮನಿ ಕಾಕಾರು ಮತ್ತ ಅರ್ಜಿ ಕೊಟ್ಟಾರು."

ಸೋಮನಾಥ ದೊಡ್ಡವನು. ಹಿರಿಯರು ಅಭಿಷೇಕಕ್ಕೆಂದು ಕೊಡ ತುಂಬಿ ಇಟ್ಟುಕೊಂಡಿದ್ದರು, ಎತ್ತಿ ಸುರಿದರು. ಹಾಸಿಗೆ ಹೋಯಿತು, ಮನೆ ಉಳಿಯಿತು. "ಹುಡುಗ ನನ್ನ ಪೂಜಿ ಕೆಡಿಸಲಿಲ್ಲ ತಾಯಿ," ಅಂತ ಅವರು ನಗುತ್ತಲೇ ಹೋದರು. ದೊಡ್ಡ ಮನಸ್ಸು.

ನಿಂಬೆವ್ವ ಮಾತ್ರ ನಗಲಿಲ್ಲ, ಮಗನ ಕಿವಿ ಹಿಡಿದಳು.

"ಬೆಂಕಿನ ಕಿವಿಯೊಳಗ ಹೇಳ್ತಾರೇನೋ! ಅಲ್ಲಿ ಮೆಟ್ಟಲ ಹತ್ರ ಕೆಂಪು ಬಕೆಟ್ ತುಂಬಿ ಇಟ್ಟಿದ್ದು ಯಾತಕ್ಕ, ಮಾರಿ ನೋಡ್ಕೊಳ್ಳಾಕೇನು? ಇನ್ನ ಮ್ಯಾಲೆ ಹೊಗಿ ಕಂಡ್ರ ಸಾಕು, ಯಾರು ಏನು ಅಂತ ಕೇಳಬ್ಯಾಡ. ಎತ್ತು, ಸುರಿ!"

"ಕೇಳದ ಸುರೀಲಿ?"

"ಕೇಳದ ಸುರಿ! ಮತ್ತ ಬಕೆಟ್ ಎಂದೂ ಖಾಲಿ ಇರಬಾರದು!"

"ಮುಂದಿನ ಸಲ ಹಂಗ ಮಾಡ್ತೀನಿ ಬೇ ಯವ್ವಾ!"

ಮರುದಿನ ಮಧ್ಯಾಹ್ನಕ್ಕೆ ಮುಂಚೆ ತಪಾಸಣೆ ಬಂದಿತು. ಸಾಹೇಬರಲ್ಲ, ನಗರಸಭೆಯ ಆರೋಗ್ಯ ಇಲಾಖೆಯ ಮೇಡಂ, ಪ್ರಭಾವತಿ ಅಂತ. ಗಂಜಿ ಹಾಕಿದ ಸೀರೆ, ಮೂಗಿನ ಮೇಲೆ ಕನ್ನಡಕ. ಅವರ ಹಿಂದೆಯೇ ಶಿದ್ರಾಮಪ್ಪನವರು, ಅರ್ಜಿ ಕೊಟ್ಟವರಲ್ಲವೇ, ಸಾಕ್ಷಿ ಹೇಳಲು.

ಮೇಡಂ ಕೋಣೆ ನೋಡಿದರು, ಬಚ್ಚಲು ನೋಡಿದರು, ಕಸದ ಡಬ್ಬಿ ನೋಡಿದರು. ಕಡೆಗೆ ಪಡಸಾಲೆಯಲ್ಲಿ ಕೂತು ಮೇಡಂ ಹೇಳಿದರು, "ನೋಡವ್ವಾ, ಮನಿ ಸ್ವಚ್ಛ ಐತಿ. ಆದ್ರ ಗದ್ದಲದ ಅರ್ಜಿ ಬಂದೈತಿ. ಓಣಿಯವರಿಗೆ ತ್ರಾಸು ಅಂದ್ರ ನಾ ಪರವಾನಗಿ ಕೊಡಾಕ ಬರಂಗಿಲ್ಲ."

"ಕೊಡಬ್ಯಾಡ್ರಿ!" ಅಂದರು ಶಿದ್ರಾಮಪ್ಪನವರು. "ಗದ್ದಲ ಅಂದ್ರ ನನಗಾಗಂಗಿಲ್ರಿ."

ನಿಂಬೆವ್ವನ ಕಣ್ಣಲ್ಲಿ ನೀರು ಬಂತು. ಆದರೂ ಮನೆಗೆ ಬಂದವರಲ್ಲವೇ? ಬೀಗ ಹಾಕಲು ಬಂದವರಾದರೇನು, ಸ್ವಾಮಿಯೇ ಕಳಿಸಿದ್ದು. ಶುಂಠಿ ಜಜ್ಜಿ, ಕಾಸಿ, ಬಟ್ಟಲ ತುಂಬ ಚಹಾ ತಂದು ಮೇಡಂ ಕೈಗೆ ಕೊಟ್ಟಳು. ಬಿಸಿ ಬಿಸಿ ಚಹಾ. ಬಟ್ಟಲ ಮೇಲೆ ಬೆಳ್ಳಗೆ ಹೊಗೆಯಾಡುತ್ತಿತ್ತು.

ಹೂವಪ್ಪ ಮೆಟ್ಟಿಲ ಹತ್ತಿರ ನಿಂತಿದ್ದ. ನೋಡಿದ. ಹೊಗೆ!

ಕೇಳಲಿಲ್ಲ. ಎತ್ತಿದ, ಸುರಿದ!

ಕನ್ನಡಕ ಹಾರಿತು. ಗಂಜಿ ಇಳಿಯಿತು. ಬಟ್ಟಲಲ್ಲಿ ಚಹಾ ಹೋಗಿ ನೀರು ಉಳಿಯಿತು. ಮೇಡಂ ಕೂತಲ್ಲೇ ಕೂತಿದ್ದರು, ಈಗ ತಾನೆ ಕೆರೆಯಿಂದ ಎದ್ದವರ ಹಾಗೆ.

"ಆರಿತ್ರಿ ಮೇಡಂ!" ಅಂದ ಹೂವಪ್ಪ. "ಅಂಜಬ್ಯಾಡ್ರಿ!" ಅಂದವನೇ ನಲ್ಲಿಗೆ ಓಡಿ ಬಕೆಟ್ ತುಂಬಿ ತಂದು ಮತ್ತೆ ಅದರ ಜಾಗದಲ್ಲಿಟ್ಟ.

ಆಮೇಲೆ ಯಾರೋ ಖೊಕ್ ಅಂದರು. ಶಿದ್ರಾಮಪ್ಪನವರು! ತಡೆದುಕೊಳ್ಳಲು ಹೋದರು, ಆಗಲಿಲ್ಲ. ಕಂಬ ಹಿಡಿದುಕೊಂಡು ನಕ್ಕರು, ಕಂಬ ಬಿಟ್ಟು ನಕ್ಕರು, ಹೊಟ್ಟೆ ಹಿಡಿದುಕೊಂಡು ಮಾಳಿಗೆ ನಡುಗುವ ಹಾಗೆ ನಕ್ಕರು. ಪಾರಿವಾಳ ಎದ್ದು ಹಾರಿದವು. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು.

ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು.

"ಯಜಮಾನ್ರ, ಗದ್ದಲ ಅಂದ್ರ ಆಗಂಗಿಲ್ಲ ಅಂದ್ರಿ?"

"ಹೌ... ಹೌದ್ರಿ..."

"ಈ ಮನಿಯೊಳಗ ನಾ ಬಂದ ಮ್ಯಾಲೆ ಕೇಳಿದ ಗದ್ದಲ ನಿಮ್ದೊಂದ!"

ಶಿದ್ರಾಮಪ್ಪನವರು ಕಣ್ಣೊರೆಸಿಕೊಂಡರು. "ಮೇಡಂ, ಆ ಅರ್ಜಿ ಹರಿದು ಹಾಕ್ರಿ. ನನ್ನ ಹೆಂಡ್ತಿ ಹ್ವಾದ ಮ್ಯಾಲೆ ನಾ ಇಷ್ಟು ನಕ್ಕಿದ್ದಿಲ್ರಿ. ಈ ಹುಡುಗ ಎದುರುಮನಿಯೊಳಗ ಇರಲಿ. ಕೋಣಿ ಬಂದ್ ಆಗಿ ಇವರು ಊರು ಬಿಟ್ರ ನನಗ ಯಾರದಾರ?"

ಮೇಡಮ್ಮಿನ ತುಟಿಯೂ ಅಲುಗಿತು. "ಈ ಶಹರದಾಗ ಮನಿ ಮನಿ ತಿರಗೀನವ್ವಾ. ಕೆಂಪು ಬಕೆಟ್ ಎಲ್ಲಾರೂ ಇಟ್ಟಾರ. ಒಂದರಾಗ ಉಳ್ಳಾಗಡ್ಡಿ, ಒಂದರಾಗ ಹಳೇ ಚಪ್ಪಲಿ, ಒಂದರಾಗ ಕೋಳಿ ಕಾವಿಗೆ ಕೂತೈತಿ. ತುಂಬಿದ ಬಕೆಟ್ ನಾ ಕಂಡದ್ದು ಇದೊಂದ ಮನಿಯೊಳಗ. ಕಂಡದ್ದೇನು, ಮಿಂದೆ!"

ಚೀಲ ತೆಗೆದು, ನೀರು ಝಾಡಿಸಿ, ನಗರಸಭೆಯ ಹಸಿರು ತಗಡಿನ ಫಲಕ ಹೊರಗೆಳೆದರು. "ತೊಗೊ. ಇದ ನಿನ್ನ ಪರವಾನಗಿ. ಬಾಗಲಿಗೆ ಬಡೀರಿ. ಒಮ್ಮೆ ಬಡದ ಮ್ಯಾಲೆ ನಗರಸಭೆ ಅಪ್ಪಣೆ ಇಲ್ದ ಯಾರೂ ಕೀಳಬಾರದು, ಅದೂ ಕಾಯ್ದೆ."

ನಿಂಬೆವ್ವ ಫಲಕವನ್ನು ಕಣ್ಣಿಗೊತ್ತಿಕೊಂಡಳು, ಸ್ವಾಮಿಯ ಪಟಕ್ಕೆ ಮುಟ್ಟಿಸಿದಳು, ಕುಂಕುಮ ಹಚ್ಚಿದಳು. ಮಗನ ಕೈಗೆ ಕೊಟ್ಟಳು.

"ಹೋಗು ನನ್ನಪ್ಪಾ. ತಲಬಾಗಲಿಗೆ ಬಡಿ. ಸೊಟ್ಟ ಆಗಬಾರದು. ನಟ್ಟನಡುವ ಬರಬೇಕು. ಗಟ್ಟಿ ಬಡಿ!"

"ಹಂಗ ಮಾಡ್ತೀನಿ ಬೇ ಯವ್ವಾ!"

ಮೇಡಮ್ಮಿಗೆ ಮತ್ತೊಂದು ಬಟ್ಟಲು ಚಹಾ ಬಂತು, ಈ ಸಲ ಆರಿಸಿದ್ದು. ಶಿದ್ರಾಮಪ್ಪನವರಿಗೂ ಬಂತು. ಹೊರಗೆ ಠಣ್ ಠಣ್ ಅಂತ ಸುತ್ತಿಗೆ. ಒಳಗೆಲ್ಲ ಕತ್ತಲು.

"ಕತ್ತಲ್ಯಾಕಾತು?" ಅಂದರು ಮೇಡಂ.

ಆ ಮನೆಯ ತಲೆಬಾಗಿಲು ಎರಡು ಕದದ್ದು. ಒಂದು ಕದ ಎಡಕ್ಕೆ, ಒಂದು ಕದ ಬಲಕ್ಕೆ. ಎರಡನ್ನೂ ಮುಚ್ಚಿದರೆ ತಾನೆ ನಟ್ಟನಡು ಯಾವುದು ಅಂತ ತಿಳಿಯುವುದು? ಹೂವಪ್ಪ ಮುಚ್ಚಿದ, ದಾರ ಹಿಡಿದು ಅಳೆದ, ಅರ್ಧ ಫಲಕ ಎಡಗದಕ್ಕೆ, ಅರ್ಧ ಫಲಕ ಬಲಗದಕ್ಕೆ, ನಾಲ್ಕು ಮೂಲೆಗೂ ಉದ್ದನ್ನ ಮೊಳೆ, ಗಟ್ಟಿಯಾಗಿ ಬಡಿದ. ಒಂದು ಎಳ್ಳಿನಷ್ಟೂ ಸೊಟ್ಟ ಇಲ್ಲ!

ಹಿತ್ತಲ ಬಾಗಿಲು ಇಲ್ಲದ ಮನೆ. ಒಳಗಿನಿಂದ ಮೂವರೂ ಬಾಗಿಲು ಬಡಿದರು.

"ಹೂವಪ್ಪಾ! ತೆಗಿಯೋ!"

"ಬಾಗಲಾ ತೆಗೀಬೇಕಂದ್ರ ಫಲಕ ಕೀಳಬೇಕಾಕ್ಕೈತಬೇ."

"ಕೀಳೋ!"

"ನಗರಸಭೆ ಅಪ್ಪಣೆ ಬೇಕಲ್ಲ?"

"ಅಪ್ಪಣೆ ಕೊಟ್ಟೀನೋ!" ಮೇಡಂ ಕದದ ಸಂದಿಗೆ ಬಾಯಿಟ್ಟು ಕೂಗಿದರು. "ನಾನ ನಗರಸಭೆ!"

ಹೂವಪ್ಪ ನಕ್ಕ. "ನಗರಸಭೆ ಬಜಾರದಾಗ ಐತ್ರಿ ಮೇಡಂ, ಗಡಿಯಾರದ ಕಂಬದ ಹತ್ರ. ನನಗ ಗೊತ್ತಿಲ್ಲೇನು? ಓಡಿ ಹೋಗಿ ಅಪ್ಪಣೆ ತರ್ತೀನಿ. ಯವ್ವಾ, ಅಂಜಬ್ಯಾಡ!"

ಓಡಿದ. ಒಂದೇ ಉಸಿರಿಗೆ ನಗರಸಭೆಯ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಕೂತ ಜವಾನನಿಗೆ ಕೈಮುಗಿದು, ಫಲಕ ಕೀಳಬೇಕು, ಅಪ್ಪಣೆ ಬೇಕು ಅಂದ.

"ಅದಕ್ಕ ಪ್ರಭಾವತಿ ಮೇಡಂ ಬೇಕಪಾ," ಅಂದ ಜವಾನ. "ಅವರು ಎಲ್ಲೋ ಮನಿ ತಪಾಸಣೆಗೆ ಹೋಗ್ಯಾರ. ಇನ್ನೇನು ಬಂದಬಿಡ್ತಾರ. ಅವರು ಬರೋ ತನಕ ಆ ಬೆಂಚಿನ ಮ್ಯಾಲೆ ಕೂಡು, ಏಳಬ್ಯಾಡ."

ಸೋಮನಾಥ ಅವನನ್ನು ತಣ್ಣಗಿಟ್ಟಿರಲಿ, ಹೂವಪ್ಪ ಕೂತ.